ಕಲಾವಿದ ವೆಂಕಟಪ್ಪನವರು: ನಾನು ಅರ್ಧ ಹೇಳಿದ ಕಥೆ

ಬನಹಟ್ಟಿಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಚಿತ್ರಕಲೆಯನ್ನು ಕಲಿಸಿದವನು ನಾನು. ಶಾಲೆ ಮುಗಿಸಿ ಕಲೆಯನ್ನೇ ಹಿಡಿಯಬೇಕೆಂಬ ಹಂಬಲದ ಹುಡುಗರು ಜಮಖಂಡಿ, ಮುಧೋಳ, ಬೀಳಗಿಗಳಿಂದಲೂ ನನ್ನಲ್ಲಿಗೆ ಬರುತ್ತಿದ್ದರು. ಯಾವ ಪುಸ್ತಕ ನೋಡಬೇಕು, ಯಾವ ಬಣ್ಣ ಕೊಳ್ಳಬೇಕು ಎಂಬುದೇ ಅವರೆಲ್ಲರ ಮೊದಲ ಪ್ರಶ್ನೆ. ಉತ್ತರವಾಗಿ ನಾನು ಕೆ. ವೆಂಕಟಪ್ಪನವರ ಬಾಳಿನ ಕಥೆಯನ್ನು ಹೇಳುತ್ತಿದ್ದೆ. ಅದರ ಅರ್ಧವನ್ನಷ್ಟೇ ಹೇಳುತ್ತ ಬಂದೆನೆಂಬುದು ನನಗೆ ತಡವಾಗಿ ತಿಳಿಯಿತು.

ವೆಂಕಟಪ್ಪನವರು ಮೈಸೂರಿನಲ್ಲಿ 1886ರಲ್ಲಿ, ತಲೆಮಾರುಗಳಿಂದ ಚಿತ್ರ ಬರೆಯುತ್ತ ಬಂದ ಮನೆತನದಲ್ಲಿ ಹುಟ್ಟಿದರು. ಅವರ ಮೊದಲ ಪಾಠಶಾಲೆ ಮನೆಯೇ. ಕುಂಚ ಹಿಡಿಯುವ ಬಗೆ, ಬಣ್ಣ ಅರೆಯುವ ಹದ ಅಲ್ಲಿಯೇ ಕೈಗೆ ಬಂದವು. ಮುಂದೆ ಹೆಸರು ಗಳಿಸಿದ ಮೇಲೂ ಬಣ್ಣಗಳನ್ನು ತಾವೇ ಸಿದ್ಧಪಡಿಸಿಕೊಳ್ಳುವ ರೂಢಿಯನ್ನು ಅವರು ಬಿಡಲಿಲ್ಲ. ಉದಕಮಂಡಲದ ಬೆಟ್ಟಗಳನ್ನು 1926ರ ಸುಮಾರಿಗೆ ಜಲವರ್ಣದಲ್ಲಿ ಬರೆದಾಗ, ಮಳೆಮೋಡ ಒಡೆದು ಬೆಳಕು ಇಳಿಯುವ ಕ್ಷಣಕ್ಕಾಗಿ ಕಾದು ನೋಡಿದ ಕಣ್ಣು ಆ ಹಾಳೆಗಳಲ್ಲಿ ಕಾಣುತ್ತದೆ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯತೊಡಗಿ ಅದರ ಹುಚ್ಚಿನಲ್ಲಿ ಕುಂಚವನ್ನೇ ಬದಿಗಿಟ್ಟ ಕಾಲವೂ ಉಂಟು. ಆ ಹುಚ್ಚೇ ಮುಂದೆ ಅವರ ಒಂದು ಚಿತ್ರಕ್ಕೆ ವಸ್ತುವಾಯಿತು. ಮದುವೆಯಾಗದೆ, ದಿನಚರಿ ಬರೆಯುತ್ತ, ಕಟ್ಟುನಿಟ್ಟಾಗಿ ಬಾಳಿದರು.

ನಾನು ಹೇಳುತ್ತಿದ್ದುದು ಇಷ್ಟೇ. ಸಾಮಗ್ರಿ ಇಲ್ಲವೆಂದು ಅಳಬೇಡಿರಿ, ಅವರಂತೆ ದುಡಿಯಿರಿ ಎಂಬುದು ಅದರ ನೀತಿ.

ಹುಡುಗರಲ್ಲೊಬ್ಬ ನೇಕಾರರ ಮನೆಯವ. ನೂಲಿನ ಬಣ್ಣಗಳ ನಡುವೆ ಬೆಳೆದವನಾದ್ದರಿಂದ ಕೆಂಪಿನಲ್ಲೇ ಐದಾರು ಬಗೆಗಳನ್ನು ಬೇರ್ಪಡಿಸಬಲ್ಲ ಕಣ್ಣು ಅವನದು. ಒಂದು ದಿನ ಅವನ ತಂದೆ ಬಂದು, ಮಾಸ್ತರರೇ, ಇವನನ್ನು ಎಲ್ಲಿಗೆ ಕಳಿಸಲಿ, ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನೀತಿಯನ್ನು ಇನ್ನೊಮ್ಮೆ ಹೇಳಿದೆ. ಆ ವರ್ಷವೇ ಹುಡುಗ ಮಗ್ಗಕ್ಕೆ ಕುಳಿತ.

ಅಂದು ರಾತ್ರಿ ವೆಂಕಟಪ್ಪನವರ ಬಾಳಿನ ಉಳಿದ ಅರ್ಧ ನನ್ನ ಕಣ್ಣ ಮುಂದೆ ನಿಂತಿತು. ಅವರ ಕೈಯ ಕಸುವನ್ನು ಗುರುತಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅರಸರ ನೆರವಿನಿಂದಲೇ ಅವರು 1909ರಲ್ಲಿ ಕಲ್ಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳಾದರು. ನಂದಲಾಲ ಬಸುರಂಥವರು ಜೊತೆಗಾರರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರ ಚಿತ್ರಗಳಲ್ಲಿ ವೆಂಕಟಪ್ಪನವರವೂ ಇದ್ದವು. ಮೈಸೂರಿಗೆ ಮರಳಿದ ಮೇಲೆ ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನು ರಚಿಸಿದರು. 1940ರಲ್ಲಿ ಒಡೆಯರು ತೀರಿಕೊಂಡಾಗ ಆ ಆಸರೆಯೂ ಕಡಿಯಿತು. ಅನಂತರ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಒಂಟಿಯಾಗಿ ಬಾಳಿ 1965ರಲ್ಲಿ ಕಣ್ಮುಚ್ಚಿದರು. ಅವರ ಹೆಸರಿನ ಚಿತ್ರಶಾಲೆ ಕಸ್ತೂರ್ಬಾ ರಸ್ತೆಯಲ್ಲಿ ತಲೆಯೆತ್ತಿದ್ದು ಸುಮಾರು ಹತ್ತು ವರ್ಷಗಳ ಬಳಿಕ.

ಬಣ್ಣ ಅರೆಯುವ ಕೈ ಮನೆಯಿಂದ ಬಂತು, ನಿಜ. ಆದರೆ ಕಲ್ಕತ್ತೆಯ ದಾರಿಯನ್ನು ತೆರೆದವರು ಬೇರೆಯವರು. ಬಳೆಗಾರರ ಮನೆಯಲ್ಲಿ ಹುಟ್ಟಿದ ನಮ್ಮ ಮುಧೋಳದ ರನ್ನನಿಗೂ ಊರಾಚೆ ಒಬ್ಬ ಗುರು, ಒಬ್ಬ ಆಶ್ರಯದಾತ ಬೇಕಾದರಲ್ಲವೇ?

ಅಂದಿನಿಂದ ನನ್ನ ಪಾಠ ಬದಲಾಯಿತು. ಅಚ್ಚಿನ ಚಿತ್ರಗಳನ್ನು ನಕಲು ಮಾಡಿಸುವುದನ್ನು ಕಡಿಮೆ ಮಾಡಿದೆ. ನೂಲಿಗೆ ಬಣ್ಣ ಹಾಕುವ ಮನೆಗಳಿಗೆ, ಘಟಪ್ರಭೆಯ ದಂಡೆಗೆ, ಬೀಳಗಿ ಕಡೆಯ ಆಲಮಟ್ಟಿಯ ಹಿನ್ನೀರಿಗೆ ಹುಡುಗರನ್ನು ಕರೆದೊಯ್ದೆ. ಇವು ಹಣವಿಲ್ಲದೆ ದೊರೆಯುವ ಪಠ್ಯಗಳು. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಹೊತ್ತೆ: ಕಲಾಶಾಲೆಗಳ ಅರ್ಜಿ ತರಿಸುವುದು, ಊರಿನ ಉಳ್ಳವರ ಮನೆಬಾಗಿಲಿಗೆ ಹೋಗಿ ಒಬ್ಬನ ಒಂದು ವರ್ಷದ ಖರ್ಚನ್ನು ಕೇಳುವುದು. ಕೆಲವು ಬಾಗಿಲು ತೆರೆದವು, ಕೆಲವು ತೆರೆಯಲಿಲ್ಲ.

ಮಗ್ಗಕ್ಕೆ ಕುಳಿತವನು ಈಗಲೂ ದಾರಿಯಲ್ಲಿ ಸಿಕ್ಕಿದರೆ ಕೈಮುಗಿಯುತ್ತಾನೆ. ಅವನು ನೇಯ್ದ ಸೀರೆಯ ಅಂಚಿನಲ್ಲಿ ಆ ಕೆಂಪು ಇನ್ನೂ ಇದೆ. ಅದನ್ನು ಕಂಡಾಗಲೆಲ್ಲ, ಕಥೆಯ ಉಳಿದ ಅರ್ಧವನ್ನು ನಾನು ಮೊದಲೇ ಅರಿತಿದ್ದರೆ ಎನಿಸುತ್ತದೆ.