ಕ್ಲೀವ್‌ಲ್ಯಾಂಡ್ ಅಬಟ್

ಕ್ಲೀವ್‌ಲ್ಯಾಂಡ್ ಲೀ ಅಬಟ್ (ನಿಧನ: ಏಪ್ರಿಲ್ 1955) ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮಾ ರಾಜ್ಯದಲ್ಲಿರುವ ಟಸ್ಕೀಗೀ ಸಂಸ್ಥೆಯ ಕ್ರೀಡಾ ನಿರ್ದೇಶಕರೂ ತರಬೇತುದಾರರೂ ಆಗಿದ್ದವರು. 1923ರಿಂದ ಮರಣದವರೆಗೆ ಅವರು ಆ ಸಂಸ್ಥೆಯಲ್ಲೇ ಸೇವೆ ಸಲ್ಲಿಸಿದರು. ತಮ್ಮ ಕಾಲದಲ್ಲಿ ಅವರು ಹೆಸರಾದದ್ದು ಅಮೆರಿಕನ್ ಫುಟ್‌ಬಾಲ್ ತರಬೇತುದಾರರಾಗಿ. ಆದರೆ ಇಂದು ಅವರನ್ನು ಮುಖ್ಯವಾಗಿ ಸ್ಮರಿಸುವುದು ದಕ್ಷಿಣದ ಸಣ್ಣ ಊರುಗಳ ಆಫ್ರಿಕನ್-ಅಮೆರಿಕನ್ ಶಾಲಾ ಬಾಲಕಿಯರಿಗೆ ಓಟದ ಮೈದಾನವನ್ನು ತೆರೆದುಕೊಟ್ಟವರೆಂದು. ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದ ಮೊದಲ ಕಪ್ಪು ಮಹಿಳೆ ಆಲಿಸ್ ಕೋಚ್‌ಮನ್ ಇವರ ಗರಡಿಯಲ್ಲಿ ಪಳಗಿದವರು.

ಆರಂಭಿಕ ಜೀವನ

ಅಬಟ್ 1890ರ ದಶಕದಲ್ಲಿ ಉತ್ತರದ ಸೌತ್ ಡಕೋಟಾ ರಾಜ್ಯದ ಯಾಂಕ್ಟನ್‌ನಲ್ಲಿ ಜನಿಸಿದರು. ಬೆಳೆದದ್ದು ಅದೇ ರಾಜ್ಯದ ವಾಟರ್‌ಟೌನ್ ಪಟ್ಟಣದಲ್ಲಿ. ಕಪ್ಪು ಜನರ ಕುಟುಂಬಗಳು ಅಲ್ಲಿ ತೀರಾ ವಿರಳವಾಗಿದ್ದವು. ಸೌತ್ ಡಕೋಟಾ ಸ್ಟೇಟ್ ಕಾಲೇಜಿನಲ್ಲಿ ಓದುತ್ತಿದ್ದಾಗ ಹಲವು ಕ್ರೀಡೆಗಳಲ್ಲಿ ಕಾಲೇಜನ್ನು ಪ್ರತಿನಿಧಿಸಿ 14 ಕ್ರೀಡಾ ಗೌರವಗಳನ್ನು ಗಳಿಸಿದರು. 1916ರಲ್ಲಿ ಪದವಿ ಪಡೆದರು. ಮೊದಲನೆಯ ಮಹಾಯುದ್ಧದಲ್ಲಿ ಕಪ್ಪು ಸೈನಿಕರ 366ನೆಯ ಪದಾತಿ ದಳದ ಅಧಿಕಾರಿಯಾಗಿ ಫ್ರಾನ್ಸ್‌ನಲ್ಲಿ ಸೇವೆ ಸಲ್ಲಿಸಿದರು.

ಟಸ್ಕೀಗೀಯಲ್ಲಿ

ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಕಟ್ಟಿ ಬೆಳೆಸಿದ ಟಸ್ಕೀಗೀ ಸಂಸ್ಥೆ ಕೈಕಸುಬು ಮತ್ತು ಕೃಷಿ ಶಿಕ್ಷಣಕ್ಕೆ ಪ್ರಸಿದ್ಧವಾಗಿತ್ತು. 1923ರಲ್ಲಿ ಅಲ್ಲಿಗೆ ಬಂದ ಅಬಟ್ ಅವರ ಫುಟ್‌ಬಾಲ್ ತಂಡ ಮುಂದಿನ ಮೂರು ದಶಕಗಳಲ್ಲಿ 200ಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದಿತು. ಬಿಳಿಯರ ಕಾಲೇಜುಗಳು ಕಪ್ಪು ಕಾಲೇಜುಗಳೊಡನೆ ಆಡದ ಕಾಲ ಅದಾದ್ದರಿಂದ ಈ ಗೆಲುವುಗಳೆಲ್ಲ ಕಪ್ಪು ಸಂಸ್ಥೆಗಳ ವಲಯದೊಳಗೇ ಉಳಿದವು.

1927ರಲ್ಲಿ ಅವರು ಟಸ್ಕೀಗೀ ರಿಲೇಸ್ ಎಂಬ ವಾರ್ಷಿಕ ಅಥ್ಲೆಟಿಕ್ ಕೂಟವನ್ನು ಆರಂಭಿಸಿದರು. ಎರಡು ವರ್ಷಗಳ ನಂತರ, 1929ರಲ್ಲಿ, ಅದಕ್ಕೆ ಮಹಿಳೆಯರ ಸ್ಪರ್ಧೆಗಳನ್ನು ಸೇರಿಸಿದರು. ಈ ಸೇರ್ಪಡೆ ಸಣ್ಣದೆಂದು ತೋರಬಹುದು. ಆದರೆ 1920ರ ದಶಕದಲ್ಲಿ ಅಮೆರಿಕದ ದೈಹಿಕ ಶಿಕ್ಷಣ ತಜ್ಞರಲ್ಲಿ ಅನೇಕರು, ಅದರಲ್ಲೂ ಮಹಿಳಾ ಶಿಕ್ಷಕಿಯರೇ, ಸ್ಪರ್ಧಾತ್ಮಕ ಓಟ ಹೆಣ್ಣಿನ ದೇಹಕ್ಕೂ ನಡತೆಗೂ ಹಾನಿಕರವೆಂದು ವಾದಿಸುತ್ತಿದ್ದರು. ಬಹಳಷ್ಟು ಕಾಲೇಜುಗಳು ಹುಡುಗಿಯರ ಸ್ಪರ್ಧೆಗಳನ್ನು ಕೈಬಿಟ್ಟಿದ್ದವು. ಅಬಟ್ ಅದೇ ಹೊತ್ತಿನಲ್ಲಿ ಎದುರು ದಾರಿ ಹಿಡಿದರು.

ಬಾಲಕಿಯರ ತರಬೇತಿ

ಅಬಟ್ ಅವರ ಕ್ರಮ ಸರಳವಾಗಿತ್ತು. ಟಸ್ಕೀಗೀ ಕೂಟಕ್ಕೆ ಹೈಸ್ಕೂಲುಗಳ ತಂಡಗಳೂ ಬರುತ್ತಿದ್ದವು. ಅಲ್ಲಿ ಕಣ್ಣಿಗೆ ಬಿದ್ದ ಬಾಲಕಿಯರನ್ನು ಬೇಸಿಗೆಯಲ್ಲಿ ಸಂಸ್ಥೆಗೆ ಕರೆಸಿ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಮುಂಚೆ ಕಾಲೇಜಿನ ಓಟಗಾರ್ತಿಯರ ಜೊತೆಯಲ್ಲೇ ಅಭ್ಯಾಸ ಮಾಡಿಸಲಾಗುತ್ತಿತ್ತು. ಸಂಸ್ಥೆಗೆ ತನ್ನದೇ ಹೈಸ್ಕೂಲು ವಿಭಾಗವೂ ಇದ್ದುದರಿಂದ, ಭರವಸೆ ಮೂಡಿಸಿದವರು ಅಲ್ಲಿಯೇ ಸೇರಿ ಓದು ಮುಂದುವರಿಸಬಹುದಾಗಿತ್ತು. ತಂಡದ ದೈನಂದಿನ ತರಬೇತಿಯಲ್ಲಿ ಕ್ರಿಸ್ಟೀನ್ ಎವಾನ್ಸ್ ಪೆಟ್ಟಿ ಅವರ ಪಾಲು ದೊಡ್ಡದು. ಅಬಟ್ ಅವರ ಕೀರ್ತಿಯನ್ನು ವಿವರಿಸುವ ಬರಹಗಳಲ್ಲಿ ಆಕೆಯ ಹೆಸರು ಹಲವು ಬಾರಿ ಬಿಟ್ಟುಹೋಗಿರುವುದು ನ್ಯಾಯವಲ್ಲ.

1937ರಲ್ಲಿ ಟಸ್ಕೀಗೀ ಮಹಿಳಾ ತಂಡ ಅಮೆಚೂರ್ ಅಥ್ಲೆಟಿಕ್ ಯೂನಿಯನ್ನಿನ ರಾಷ್ಟ್ರೀಯ ಹೊರಾಂಗಣ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತು. ಅಲ್ಲಿಂದ 1951ರವರೆಗೆ ಅದು ಒಟ್ಟು 14 ಬಾರಿ ಈ ಪ್ರಶಸ್ತಿ ಪಡೆಯಿತು. ಕೈತಪ್ಪಿದ್ದು 1943ರಲ್ಲಿ ಮಾತ್ರ. ಪ್ರಯಾಣದ ದಾರಿಯಲ್ಲಿ ಹೋಟೆಲು, ಊಟದ ಮನೆ, ಶೌಚಾಲಯಗಳು ಕಪ್ಪು ಜನರಿಗೆ ಮುಚ್ಚಿರುತ್ತಿದ್ದ ಕಾಲದಲ್ಲಿ ಈ ಹುಡುಗಿಯರು ದೂರದ ಊರುಗಳಿಗೆ ಹೋಗಿ ಬಿಳಿಯ ಸ್ಪರ್ಧಿಗಳನ್ನು ಸೋಲಿಸಿ ಬಂದರು. ಪುರುಷರ ಫುಟ್‌ಬಾಲ್ ತಂಡಕ್ಕೆ ದೊರೆಯದಿದ್ದ ಅವಕಾಶ ಹೀಗೆ ಮಹಿಳಾ ಅಥ್ಲೆಟಿಕ್ಸ್‌ನಲ್ಲಿ ದೊರೆಯಿತು. ಆರಂಭದ ತಾರೆಯರಲ್ಲಿ ಓಟ ಮತ್ತು ಉದ್ದ ಜಿಗಿತದ ಲೂಲಾ ಹೈಮ್ಸ್ ಪ್ರಮುಖರು.

ಆಲಿಸ್ ಕೋಚ್‌ಮನ್

ಕೋಚ್‌ಮನ್ 1923ರಲ್ಲಿ ಜಾರ್ಜಿಯಾದ ಆಲ್ಬನಿಯಲ್ಲಿ ಹುಟ್ಟಿದರು. ಊರಿನ ಕ್ರೀಡಾಂಗಣಗಳಿಗೆ ಪ್ರವೇಶವಿಲ್ಲದೆ ಮಣ್ಣಿನ ರಸ್ತೆಗಳಲ್ಲಿ ಬರಿಗಾಲಿನಲ್ಲಿ ಓಡಿ, ಕೈಗೆ ಸಿಕ್ಕ ಹಗ್ಗ, ಕೋಲುಗಳನ್ನು ಅಡ್ಡಕಟ್ಟಿ ಜಿಗಿದು ಕಲಿತವರು. ಹೆಣ್ಣುಮಗಳು ಹೀಗೆ ಓಡಾಡುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಟಸ್ಕೀಗೀಯಿಂದ ಕರೆ ಬಂದಾಗ ಹೆತ್ತವರು ಕೊನೆಗೂ ಸಮ್ಮತಿಸಿದರು. 1939ರಲ್ಲಿ, ಸಂಸ್ಥೆಯಲ್ಲಿ ತರಗತಿಗಳು ಶುರುವಾಗುವ ಮುನ್ನವೇ, ಅವರು ರಾಷ್ಟ್ರೀಯ ಎತ್ತರ ಜಿಗಿತದ ಪ್ರಶಸ್ತಿಯನ್ನು ಗೆದ್ದರು. ಅಲ್ಲಿಂದ 1948ರವರೆಗೆ ಸತತ ಹತ್ತು ವರ್ಷ ಆ ಪ್ರಶಸ್ತಿ ಅವರ ಬಳಿಯೇ ಇತ್ತು.

ವಿದ್ಯಾರ್ಥಿವೇತನವೆಂಬುದು ಬಿಟ್ಟಿ ದೊರೆಯುತ್ತಿರಲಿಲ್ಲ. ವ್ಯಾಯಾಮಶಾಲೆ ಮತ್ತು ಈಜುಕೊಳವನ್ನು ಶುಚಿಗೊಳಿಸುವುದು, ಟೆನಿಸ್ ಅಂಕಣಗಳನ್ನು ನೋಡಿಕೊಳ್ಳುವುದು, ಆಟಗಾರರ ಹರಿದ ಸಮವಸ್ತ್ರಗಳನ್ನು ಹೊಲಿಯುವುದು ಕೋಚ್‌ಮನ್ ಅವರ ಪಾಲಿಗೆ ಬಂದ ಕೆಲಸಗಳು. ರಾಷ್ಟ್ರದ ಅತ್ಯುತ್ತಮ ಜಿಗಿತಗಾರ್ತಿ ಫುಟ್‌ಬಾಲ್ ತಂಡದ ಅಂಗಿಗೆ ತೇಪೆ ಹಾಕುತ್ತಿದ್ದರೆಂಬುದು ಆ ವ್ಯವಸ್ಥೆಯ ಉದಾರತೆಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ.

ಅವರ ದೇಹಬಲ ಉತ್ತುಂಗದಲ್ಲಿದ್ದ ವರ್ಷಗಳನ್ನು ಎರಡನೆಯ ಮಹಾಯುದ್ಧ ನುಂಗಿತು. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರ ಲಂಡನ್ ಕೂಟದ ವೇಳೆಗೆ ಕೋಚ್‌ಮನ್ ಟಸ್ಕೀಗೀಯ ಓದು ಮುಗಿಸಿ ಆಲ್ಬನಿ ಸ್ಟೇಟ್ ಕಾಲೇಜಿಗೆ ಸೇರಿದ್ದರು, ಬೆನ್ನುನೋವು ಕಾಡುತ್ತಿತ್ತು. ಆದರೂ 1.68 ಮೀಟರ್ ಎತ್ತರವನ್ನು ಮೊದಲ ಪ್ರಯತ್ನದಲ್ಲೇ ದಾಟಿ ಚಿನ್ನ ಗೆದ್ದರು. ಬ್ರಿಟನ್ನಿನ ಡೊರೊಥಿ ಟೈಲರ್ ಅದೇ ಎತ್ತರವನ್ನು ಎರಡನೆಯ ಪ್ರಯತ್ನದಲ್ಲಿ ದಾಟಿದ್ದರಿಂದ ಬೆಳ್ಳಿ ಪಡೆದರು. ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಮಹಿಳೆ ಕೋಚ್‌ಮನ್ ಒಬ್ಬರೇ. ತವರೂರಿನಲ್ಲಿ ನಡೆದ ಸನ್ಮಾನ ಸಭೆಯಲ್ಲಿ ಮಾತ್ರ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಆಸನಗಳಿದ್ದವು. ವೇದಿಕೆಯಲ್ಲಿದ್ದ ಮೇಯರ್ ಅವರ ಕೈಕುಲುಕಲಿಲ್ಲ.

ಪರಂಪರೆ

ಲಂಡನ್‌ಗೆ ಹೋಗಿದ್ದ ಅಮೆರಿಕದ ಮಹಿಳಾ ತಂಡದಲ್ಲಿ ಟಸ್ಕೀಗೀಯ ನೆಲ್ ಜ್ಯಾಕ್ಸನ್ ಮತ್ತು ಥೆರೆಸಾ ಮ್ಯಾನ್ಯುಯೆಲ್ ಕೂಡ ಇದ್ದರು. ಜ್ಯಾಕ್ಸನ್ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಅಮೆರಿಕದ ಮಹಿಳಾ ಅಥ್ಲೆಟಿಕ್ ತಂಡದ ಮುಖ್ಯ ತರಬೇತುದಾರರಾದರು. ಆ ಸ್ಥಾನಕ್ಕೇರಿದ ಮೊದಲ ಆಫ್ರಿಕನ್-ಅಮೆರಿಕನ್ ಅವರೇ. ಅದೇ ಕೂಟದಲ್ಲಿ ಟಸ್ಕೀಗೀಯ ಮಿಲ್ಡ್ರೆಡ್ ಮೆಕ್‌ಡೇನಿಯಲ್ 1.76 ಮೀಟರ್ ಜಿಗಿದು ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಅದನ್ನು ಕಾಣಲು ಅಬಟ್ ಇರಲಿಲ್ಲ.

ಅಬಟ್ ಅವರ ಪುತ್ರಿ ಜೆಸ್ಸಿ 1940ರ ದಶಕದಲ್ಲಿ ಟೆನೆಸೀ ಸ್ಟೇಟ್ ಕಾಲೇಜಿನಲ್ಲಿ ಮಹಿಳಾ ಅಥ್ಲೆಟಿಕ್ಸ್‌ಗೆ ಅಡಿಪಾಯ ಹಾಕಿದರು. ಮುಂದೆ ಅಲ್ಲಿ ಎಡ್ ಟೆಂಪಲ್ ಬೆಳೆಸಿದ ತಂಡ 1950ರ ದಶಕದಲ್ಲಿ ಟಸ್ಕೀಗೀಯನ್ನೇ ಹಿಂದಿಕ್ಕಿತು. ಆ ತಂಡದ ವಿಲ್ಮಾ ರುಡಾಲ್ಫ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು. ಹೈಸ್ಕೂಲಿನಲ್ಲಿದ್ದಾಗ ಆಕೆ ಓಡಿದ ಮೊದಲ ದೊಡ್ಡ ಕೂಟ ಟಸ್ಕೀಗೀಯದೇ ಆಗಿತ್ತು. ಅಲ್ಲಿ ಒಂದು ಓಟವನ್ನೂ ಗೆಲ್ಲಲಿಲ್ಲ.

ಟಸ್ಕೀಗೀಯ ಕ್ರೀಡಾಂಗಣಕ್ಕೆ ಅಬಟ್ ಅವರ ಹೆಸರನ್ನಿಡಲಾಗಿದೆ. 1996ರಲ್ಲಿ ಅವರನ್ನು ಅಮೆರಿಕದ ರಾಷ್ಟ್ರೀಯ ಅಥ್ಲೆಟಿಕ್ಸ್ ಗೌರವ ಭವನಕ್ಕೆ ಸೇರಿಸಲಾಯಿತು.