ಬೀಜದೊಳಗೆ ಸಸ್ಯಗಳ ನಂಟು ಅರಸಿದ ಬಿ.ಜಿ.ಎಲ್. ಸ್ವಾಮಿ

ಬೆಳಗಾವಿ: ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಸುತ್ತಲಿನ ಕಾಡಿನಲ್ಲಿ ಮುಂಗಾರಿನ ಹೊತ್ತಿಗೆ ಮರಗಳ ಮೇಲೆ ಸೀತಾಳೆದಂಡೆ ಅರಳುತ್ತದೆ. ಅದರ ಹೂಗೊಂಚಲನ್ನು ಮೆಚ್ಚದವರಿಲ್ಲ. ಬೀಜವನ್ನು ಗಮನಿಸಿದವರು ವಿರಳ. ಒಂದೇ ಕಾಯಿಯಲ್ಲಿ ಸಾವಿರಾರು ಬೀಜಗಳಿದ್ದರೂ ಕಣ್ಣಿಗೆ ಅವು ಬರಿಯ ಹುಡಿ. ಮೊಳಕೆಗೆ ಬೇಕಾದ ಆಹಾರದ ದಾಸ್ತಾನೂ ಅವುಗಳಲ್ಲಿಲ್ಲ. ಇಂತಹ ಆರ್ಕಿಡ್ ಬೀಜಗಳ ಒಡಲಲ್ಲಿ ಸಸ್ಯಗಳ ಬಂಧುತ್ವದ ಸುಳಿವನ್ನು ಅರಸಿದ ಕನ್ನಡಿಗ ಡಾ. ಬಿ.ಜಿ.ಎಲ್. ಸ್ವಾಮಿ.

ಡಿ.ವಿ. ಗುಂಡಪ್ಪನವರ ಪುತ್ರರಾದ ಸ್ವಾಮಿ ಜನಿಸಿದ್ದು ೧೯೧೮ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿತ ಅವರು ಆರಿಸಿಕೊಂಡದ್ದು ಭ್ರೂಣಶಾಸ್ತ್ರವನ್ನು. ಪರಾಗಸ್ಪರ್ಶಕ್ಕೆ ನೆರವಾಗುವ ಕೀಟಗಳಿಗೆ ಹೊಂದಿಕೊಂಡು ಹೂವಿನ ರೂಪ ಬದಲಾಗುತ್ತದೆ. ಹೀಗಾಗಿ ನಂಟಿಲ್ಲದ ಗಿಡಗಳೂ ಒಂದರಂತೆ ಮತ್ತೊಂದು ಕಾಣಬಹುದು. ಬೀಜದೊಳಗಿನ ಎಳೆಯ ಭ್ರೂಣಕ್ಕೆ ಈ ಒತ್ತಡ ಕಡಿಮೆ. ಆದ್ದರಿಂದ ವರ್ಗೀಕರಣಕ್ಕೆ ಅದರ ಸಾಕ್ಷ್ಯ ಮೌಲಿಕವಾದುದು.

ಈ ಸಾಕ್ಷ್ಯವನ್ನು ಪಡೆಯುವುದು ಸುಲಭವಲ್ಲ. ಎಳೆಯ ಕಾಯಿಗಳನ್ನು ಮೇಣದಲ್ಲಿ ಹುದುಗಿಸಿ, ತೆಳ್ಳನೆಯ ಪದರಗಳಾಗಿ ಕೊಯ್ದು, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಪರೀಕ್ಷಿಸಬೇಕು. ಭ್ರೂಣದ ಮೊದಲ ಕೋಶಗಳು ಹೇಗೆ ವಿಭಜನೆಗೊಳ್ಳುತ್ತವೆ, ಅದನ್ನು ಹಿಡಿದಿಡುವ ಭ್ರೂಣಧಾರಕ ಎಂಥದು ಎಂಬ ಆಧಾರದ ಮೇಲೆ ಆರ್ಕಿಡ್‌ಗಳನ್ನು ಗುಂಪುಗೂಡಿಸಿದ ಸ್ವಾಮಿಯವರ ಪ್ರಬಂಧಗಳು ೧೯೪೯ರಲ್ಲಿ ಪ್ರಕಟವಾದವು.

ಅಷ್ಟರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಸಂಶೋಧನೆಯಲ್ಲಿ ತೊಡಗಿದ್ದರು. ಕಡಲೆ, ಅವರೆಯ ಬೀಜ ಎರಡು ಬೇಳೆಯಾಗಿ ಒಡೆಯುತ್ತದೆ. ಜೋಳ, ಭತ್ತದಲ್ಲಿ ಇರುವುದು ಒಂದೇ ಬೀಜದಳ. ಪುಷ್ಪಸಸ್ಯಗಳನ್ನು ದ್ವಿದಳ, ಏಕದಳ ಎಂದು ವಿಂಗಡಿಸಿದ್ದು ಇದೇ ಲಕ್ಷಣದಿಂದ. ಆದರೆ ಫಿಜಿ ದ್ವೀಪದ ಡಿಜೆನೇರಿಯಾ ಎಂಬ ಮರದ ಭ್ರೂಣದಲ್ಲಿ ಸ್ವಾಮಿ ಕಂಡದ್ದು ಮೂರು, ಕೆಲವೊಮ್ಮೆ ನಾಲ್ಕು ಬೀಜದಳಗಳನ್ನು. ಪಠ್ಯಪುಸ್ತಕದ ಎರಡು ಪೆಟ್ಟಿಗೆಗಳಿಗೆ ನಿಸರ್ಗ ಪೂರ್ತಿ ಒಗ್ಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಯಿತು. ಸಾರ್ಕ್ಯಾಂಡ್ರಾ ಗಿಡದ ಕಾಂಡದಲ್ಲಿ ನೀರು ಸಾಗಿಸುವ ನಾಳಗಳೇ ಇಲ್ಲವೆಂದು ೧೯೫೦ರಲ್ಲಿ ಗುರುಶಿಷ್ಯರು ವರದಿ ಮಾಡಿದರು. ಆ ಕುಲದ ಒಂದು ಪ್ರಭೇದಕ್ಕೆ ಸ್ವಾಮಿ ಬೈಲಿಯವರ ಹೆಸರನ್ನೂ, ಆಸ್ಕರಿನಾ ಕುಲದ ಮತ್ತೊಂದಕ್ಕೆ ಭಾರತೀಯ ಭ್ರೂಣಶಾಸ್ತ್ರಜ್ಞ ಪಿ. ಮಾಹೇಶ್ವರಿ ಅವರ ಹೆಸರನ್ನೂ ಇಟ್ಟರು.

ಸ್ವದೇಶಕ್ಕೆ ಮರಳಿದ ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವೇ 'ಹಸುರು ಹೊನ್ನು' ಕೃತಿಯಾಯಿತು. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇದೇ ಪ್ರಶಸ್ತಿ ೧೯೬೭ರಲ್ಲಿ ತಂದೆಗೂ ದೊರೆತಿತ್ತು. ಬೆಳಗಾವಿ ಪೇಟೆಯಲ್ಲಿ ನಿತ್ಯ ಬಿಕರಿಯಾಗುವ ಆಲೂಗಡ್ಡೆ, ಮೆಣಸಿನಕಾಯಿಗಳು ಕಡಲಾಚೆಯಿಂದ ಬಂದವೆಂಬ ಸಂಗತಿಯನ್ನು ಕನ್ನಡಿಗರಿಗೆ ರಸವತ್ತಾಗಿ ತಿಳಿಸಿದ್ದು ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ೧೯೮೦ರ ನವೆಂಬರ್ ೨ರಂದು ಅವರು ನಿಧನರಾದರು.

ಕನ್ನಡ ನಾಡು ಸ್ವಾಮಿಯವರನ್ನು ವಿನೋದದ ಬರಹಗಾರರೆಂದು ನೆನೆಯುತ್ತದೆ. ಆ ವಿನೋದದ ಹಿಂದಿದ್ದ ವಿಜ್ಞಾನಿ ಮಾತ್ರ ಮರೆಗೆ ಸರಿದಿದ್ದಾರೆ. ೧೯೯೦ರ ದಶಕದಿಂದೀಚೆಗೆ ವರ್ಗೀಕರಣದಲ್ಲಿ ಡಿಎನ್‌ಎ ಸಾಕ್ಷ್ಯಕ್ಕೆ ಮೊದಲ ಮನ್ನಣೆ. ಆ ಸಾಕ್ಷ್ಯದ ಪ್ರಕಾರವೂ ಡಿಜೆನೇರಿಯಾ ಸಂಪಿಗೆಯ ಬಳಗಕ್ಕೆ ಸೇರಿದೆ. ಸಾರ್ಕ್ಯಾಂಡ್ರಾದ ಕುಟುಂಬ ಪುಷ್ಪಸಸ್ಯಗಳ ಪ್ರಾಚೀನ ಕವಲುಗಳಲ್ಲಿ ಒಂದೆನಿಸಿದೆ. ಆದರೆ ಬಂಧುಗಳು ಯಾರೆಂದು ಡಿಎನ್‌ಎ ತಿಳಿಸಿದರೂ ಬೀಜದೊಳಗಿನ ರೂಪ ಹೇಗಿದೆಯೆಂದು ಕಣ್ಣಿಟ್ಟು ನೋಡಿಯೇ ಅರಿಯಬೇಕು. ಸ್ವಾಮಿಯವರ 'ಹಸುರು ಹೊನ್ನು' ಓದಿ ನಕ್ಕವರು, ಆ ನಗೆಯ ಹಿಂದೆ ಸೂಕ್ಷ್ಮದರ್ಶಕದ ಮುಂದೆ ಕಳೆದ ವರ್ಷಗಳಿದ್ದವೆಂಬುದನ್ನೂ ಸ್ಮರಿಸಬೇಕಾಗಿದೆ.