ಸರಪಣಿಯೊಡನೆ ಸೆಣಸಿದವನು

ಬಲಶಾಲಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಉಬ್ಬಿದ ತೋಳು, ಹರವಾದ ಎದೆಯ ಜಟ್ಟಿಯ ರೂಪ. ಅಲೆಕ್ಸಾಂಡರ್ ಜಾಸ್ ಹಾಗಿರಲಿಲ್ಲ. ಕೋಟು ತೊಟ್ಟು ಬೀದಿಯಲ್ಲಿ ನಡೆದುಹೋದರೆ ಯಾರೂ ತಿರುಗಿ ನೋಡದಷ್ಟು ಸಾಮಾನ್ಯವಾದ ಮೈಕಟ್ಟು ಅವನದು. ಅಂಥವನು ಕಬ್ಬಿಣದ ಸರಳುಗಳನ್ನು ಬರಿಗೈಯಿಂದ ಬಗ್ಗಿಸುತ್ತಿದ್ದ. ಕುದುರೆಯನ್ನು ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದ. ಬೈಬಲ್ಲಿನ ಮಹಾಬಲನ ಹೆಸರಾದ ‘ಸ್ಯಾಮ್ಸನ್’ ಎಂಬುದೇ ಅವನಿಗೆ ರಂಗದ ಹೆಸರಾಯಿತು.

ಜಾಸ್ 1888ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಿಲ್ನಾ ನಗರದಲ್ಲಿ ಹುಟ್ಟಿದನು. ಅದು ಇಂದು ಲಿಥುವೇನಿಯದ ರಾಜಧಾನಿ ವಿಲ್ನಿಯಸ್. ಬಾಲ್ಯ ಕಳೆದದ್ದು ಸರಾನ್ಸ್ಕ್ ಎಂಬ ಊರಿನ ಸುತ್ತಮುತ್ತ. ಮಗನು ರೈಲು ಇಂಜಿನಿನ ಚಾಲಕನಾಗಬೇಕೆಂದು ತಂದೆಯ ಆಸೆ. ಅದಕ್ಕಾಗಿ ಅವನನ್ನು ಒರೆನ್‌ಬರ್ಗ್ ನಗರಕ್ಕೆ ಕಳುಹಿಸಲಾಯಿತು. ಹುಡುಗನ ಮನಸ್ಸಾದರೋ ಆ ಊರಿಗೆ ಬಂದಿದ್ದ ಸರ್ಕಸ್ಸಿನ ಡೇರೆಯಲ್ಲಿತ್ತು. ತಂದೆಯ ಆಸೆ ಈಡೇರಲಿಲ್ಲ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ರಷ್ಯಾದ ಸೈನಿಕನಾಗಿ ಹೋರಾಡುತ್ತಿದ್ದ ಜಾಸನ ಕಾಲುಗಳಿಗೆ ಸಿಡಿಗುಂಡಿನ ಚೂರುಗಳು ಬಡಿದುವು. ಅವನು ಆಸ್ಟ್ರಿಯನ್ನರ ಸೆರೆಯಾಳಾದನು. ಮುಂದೆ ನೆಟ್ಟಗೆ ನಡೆಯುವುದೇ ಸಂದೇಹವಾಗಿದ್ದ ಸ್ಥಿತಿ ಅದು. ಗಾಯ ಮಾಯುತ್ತಿದ್ದಂತೆ ಅವನು ಸೆರೆಯಿಂದ ತಪ್ಪಿಸಿಕೊಂಡನು; ಮತ್ತೆ ಸಿಕ್ಕಿಬಿದ್ದನು. ಈ ಸಲ ಕಾವಲು ಬಿಗಿಯಾಯಿತು, ಸಂಕೋಲೆಯೂ ಬಿತ್ತು.

ಅಲುಗಾಡಲು ಎಡೆಯಿಲ್ಲದ ಆ ಕೋಣೆಯಲ್ಲಿ ಎತ್ತಲು ಗುಂಡಿಲ್ಲ, ತಿರುಗಿಸಲು ಗದೆಯಿಲ್ಲ. ಇದ್ದುದು ಸರಪಣಿ ಮತ್ತು ಕಿಟಕಿಯ ಸರಳು ಮಾತ್ರ. ಜಾಸ್ ಅವುಗಳನ್ನೇ ಹಿಡಿದು ಎಳೆಯತೊಡಗಿದನು. ಸರಪಣಿ ಜಗ್ಗಲಿಲ್ಲ, ಸರಳು ಬಾಗಲಿಲ್ಲ. ಆದರೆ ದಿನದಿನವೂ ಎಳೆದ ಕೈಗಳು ಗಟ್ಟಿಯಾದುವು. ಸೆರೆಯಾಳನ್ನು ಕಟ್ಟಲು ತಂದ ಸಾಧನವೇ ಅವನಿಗೆ ಗರಡಿಯಾದ ಬಗೆಯಿದು. ಕೊನೆಗೂ ಅವನು ಪಾರಾದನು. ಹಂಗೇರಿಯಲ್ಲಿ ಒಂದು ಸರ್ಕಸ್ಸನ್ನು ಸೇರಿದನು. 1920ರ ದಶಕದಲ್ಲಿ ಇಂಗ್ಲೆಂಡಿಗೆ ಬಂದು ಜನರನ್ನು ಬೆರಗುಗೊಳಿಸಿದನು. ತನ್ನ ಸರಪಣಿಯ ಅಭ್ಯಾಸವನ್ನು ಇತರರಿಗೂ ಕಲಿಸಿದನು. ಬಲದ ಮೂಲವಿರುವುದು ದಪ್ಪ ಮಾಂಸಖಂಡಕ್ಕಿಂತಲೂ ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಲ್ಲಿ ಎಂಬುದು ಅವನ ದೃಢವಾದ ನಂಬಿಕೆ. ಇದನ್ನು ಪೂರ್ಣ ಸತ್ಯವೆಂದು ಒಪ್ಪುವುದು ಕಷ್ಟ. ಸ್ನಾಯುವಿಲ್ಲದೆ ರಜ್ಜು ಏನು ಮಾಡೀತು?

ಅವನ ಪದ್ಧತಿಯನ್ನು ಇಂದು ಐಸೋಮೆಟ್ರಿಕ್ ವ್ಯಾಯಾಮವೆಂದು ಕರೆಯುತ್ತಾರೆ. ಕದಲದ ಗೋಡೆಯನ್ನು ಎರಡು ಕೈಗಳಿಂದ ತಳ್ಳಿ ನೋಡಿರಿ. ಗೋಡೆ ಸರಿಯದು, ಮೊಣಕೈ ಮಡಿಯದು. ಆದರೂ ತೋಳಿನ ಸ್ನಾಯುಗಳು ಬಿಗಿದು ದುಡಿಯುತ್ತವೆ. 1953ರಲ್ಲಿ ಜರ್ಮನಿಯ ಹೆಟಿಂಗರ್ ಮತ್ತು ಮ್ಯುಲರ್ ಎಂಬ ವಿಜ್ಞಾನಿಗಳು, ಇಂಥ ಕೆಲವೇ ಸೆಕೆಂಡುಗಳ ಬಿಗಿತದಿಂದಲೂ ಬಲ ಹೆಚ್ಚುತ್ತದೆಂದು ಪ್ರಕಟಿಸಿದರು. ಕೀಲು ಚಲಿಸದ ಕಾರಣ ನೋವಿರುವ ಕೀಲಿನ ಸುತ್ತಲ ಸ್ನಾಯುಗಳನ್ನು ಬಲಪಡಿಸಲು ವೈದ್ಯರೂ ಇದನ್ನು ಬಳಸುವುದುಂಟು. ಆದರೆ ಕೀಲನ್ನು ಯಾವ ಕೋನದಲ್ಲಿ ಹಿಡಿದಿರುವೆವೋ ಬಲವು ಮುಖ್ಯವಾಗಿ ಅಲ್ಲಿಯೇ ಬೆಳೆಯುತ್ತದೆ. ಆದುದರಿಂದ ಬೇರೆ ಬೇರೆ ಕೋನಗಳಲ್ಲಿ ಅಭ್ಯಾಸ ಬೇಕು.

ಹುಡುಗರು ತಪ್ಪುವುದು ಉಸಿರಿನಲ್ಲಿ. ಹಲ್ಲುಕಚ್ಚಿ, ಉಸಿರು ಬಿಗಿಹಿಡಿದು ತಳ್ಳಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ತಲೆ ಸುತ್ತಬಹುದು. ಬಲವನ್ನು ಮೆಲ್ಲಮೆಲ್ಲನೆ ಏರಿಸಬೇಕು, ಮೆಲ್ಲನೆ ಇಳಿಸಬೇಕು. ಆಗ ಉಸಿರಾಟ ಸಹಜವಾಗಿ ನಡೆಯುತ್ತಿರಬೇಕು. ನೋವು ಕಂಡೊಡನೆ ನಿಲ್ಲಿಸಬೇಕು. ಹೃದ್ರೋಗ ಅಥವಾ ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಮುಂದೆ ಜಾಸ್ ಬಲಪ್ರದರ್ಶನವನ್ನು ಬಿಟ್ಟು ಪ್ರಾಣಿಗಳನ್ನು ಪಳಗಿಸುವ ಕೆಲಸದಲ್ಲಿ ತೊಡಗಿದನು. 1962ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡನು. ಅವನ ಸಮಾಧಿ ಎಸೆಕ್ಸ್ ಪ್ರಾಂತದ ಹಾಕ್ಲಿ ಎಂಬ ಊರಿನಲ್ಲಿದೆ. ಇಂಜಿನ್ ಓಡಿಸಲು ಕಲಿಯಲೆಂದು ತಂದೆ ಕಳುಹಿಸಿದ್ದ ಒರೆನ್‌ಬರ್ಗಿನಲ್ಲಿ, ಸರ್ಕಸ್ಸಿನ ಕಟ್ಟಡದ ಎದುರಿಗೆ, ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ.